ಮುಖ ಬೇಕಾ, ಚಿನ್ನ ಬೇಕಾ? ಮೊದಲ ರೋಮನ್ ಚಿನ್ನದ ನಾಣ್ಯ ಕೊಳ್ಳುವ ಮುನ್ನ

"ಜೀವನದಲ್ಲಿ ಒಂದ್ಸಲ ರೋಮನ್ ಕಾಲದ ಚಿನ್ನದ ನಾಣ್ಯ ಕೈಯಲ್ಲಿ ಹಿಡಿಯಬೇಕು. ಯಾವುದು ತಗೊಳ್ಳಲಿ?"

ಈ ವರ್ಷ ಈ ಪ್ರಶ್ನೆ ನನಗೆ ಮೂರು ಕಡೆಯಿಂದ ಬಂತು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಕೇಳಿದ. ಅಮೆರಿಕದಲ್ಲಿರುವ ಗೆಳತಿ ಕೇಳಿದಳು. ಶಿವಮೊಗ್ಗ ಕಡೆಯ ನಿವೃತ್ತ ಇತಿಹಾಸ ಮೇಷ್ಟ್ರು ಕೇಳಿದರು. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಬರೆದಿಟ್ಟರೆ ನಾಲ್ಕನೆಯವರಿಗೂ ಉಪಯೋಗಕ್ಕೆ ಬಂದೀತು.

ನಾನು ವ್ಯಾಪಾರಿ ಅಲ್ಲ. ಜರ್ಮನಿಯಲ್ಲಿ ಕೆಲಸ ಮಾಡಿಕೊಂಡು, ಹರಾಜಿನ ಹಿಂದಿನ ಸಾಲಿನಲ್ಲಿ ಕೂತು, ನೋಡಿದ್ದು ಜಾಸ್ತಿ, ಕೊಂಡಿದ್ದು ಕಡಿಮೆ. ನನ್ನ ಹತ್ತಿರ ಇರುವ ರೋಮನ್ ಚಿನ್ನ ಎರಡೇ ಎರಡು. ಅದರಲ್ಲೊಂದು ಬೇಸ್ತು ಬಿದ್ದು ಕೊಂಡದ್ದು. ಆ ಕತೆ ಆಮೇಲೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಎಲ್ಲಕ್ಕಿಂತ ಮೊದಲ ಪ್ರಶ್ನೆ: ನಿಮಗೆ ಬೇಕಾಗಿರುವುದು ಮುಖವಾ, ಚಿನ್ನವಾ? ಸುಮ್ನೆ ಕೇಳುತ್ತಿಲ್ಲ. ರೋಮಿನ ಚಿನ್ನದಲ್ಲಿ ಇವೆರಡೂ ಒಟ್ಟಿಗೆ ಅಗ್ಗಕ್ಕೆ ಸಿಗುವುದಿಲ್ಲ. ಮೊದಲ ಎರಡು ಶತಮಾನದ ನಾಣ್ಯದಲ್ಲಿ ನಿಜವಾದ ಮನುಷ್ಯರ ಮುಖ ಇರುತ್ತದೆ. ಗೂನು ಮೂಗು, ಜೋಲು ಗಲ್ಲ, ಬೋಳು ಹಣೆ ಎಲ್ಲ ಕಾಣುತ್ತವೆ. ಅವು ದುಬಾರಿ. ಐದು, ಆರನೇ ಶತಮಾನಕ್ಕೆ ಬಂದರೆ ಚಿನ್ನ ಅಷ್ಟೇ ಅಪ್ಪಟ, ಬೆಲೆ ಕಡಿಮೆ. ಆದರೆ ಅಲ್ಲಿ ಕಾಣುವುದು ಒಬ್ಬ ಮನುಷ್ಯನಲ್ಲ, ಒಂದು ಪದವಿ. ರಾಜ ಸತ್ತು ಇನ್ನೊಬ್ಬ ಬಂದರೂ ಮುಖ ಅದೇ, ಹೆಸರು ಮಾತ್ರ ಬೇರೆ.

ಎರಡನೆಯದು ದುಡ್ಡು. ಚಿನ್ನದ ದರ ದಿನಾ ಏರಿಳಿಯುವುದರಿಂದ ರೂಪಾಯಿ ಲೆಕ್ಕ ಕೊಡುವುದಿಲ್ಲ, ವಾಹನದ ಲೆಕ್ಕ ಕೊಡುತ್ತೇನೆ. ರೋಮನ್ ಚಿನ್ನದಲ್ಲಿ ಮುಖ್ಯವಾಗಿ ಮೂರು ನಾಣ್ಯ: ಹಳೆಯ ಕಾಲದ ಔರಿಯಸ್, ಆಮೇಲೆ ಅದರ ಜಾಗಕ್ಕೆ ಬಂದ ಸಾಲಿಡಸ್, ಸಾಲಿಡಸ್‌ನ ಮೂರನೇ ಒಂದು ಭಾಗದ ಟ್ರೆಮಿಸಿಸ್. ಸಣ್ಣ ಟ್ರೆಮಿಸಿಸ್ ಅಂದರೆ ಒಂದು ಒಳ್ಳೆ ಫೋನ್. ಸಾಧಾರಣ ಸಾಲಿಡಸ್ ಅಂದರೆ ಸ್ಕೂಟರ್. ನೋಡಲು ಚೆನ್ನಾಗಿರುವ ಔರಿಯಸ್ ಅಂದರೆ ಕಾರು. ಯಾವ ಕಾರು ಅನ್ನುವುದು ಚಕ್ರವರ್ತಿ ಯಾರು ಅನ್ನುವುದರ ಮೇಲಿದೆ.

ಮೂರನೆಯದು ನಾಣ್ಯದ ಸ್ಥಿತಿ. ನಾಲ್ಕನೆಯದು ಅದರ ಕಾಗದಪತ್ರ. ಐದನೆಯದನ್ನು ಯಾರೂ ಯೋಚಿಸುವುದಿಲ್ಲ: ನೀವು ಇರುವ ಊರು ಯಾವುದು? ಭಾರತದಲ್ಲಿ ಇರುವವರಿಗೂ ಹೊರಗಿರುವವರಿಗೂ ಕಾನೂನು ಒಂದೇ ಅಲ್ಲ.

ಔರಿಯಸ್: ಒಂದು ಪವನ್ ತೂಕದ ಮನುಷ್ಯ

ಜೂಲಿಯಸ್ ಸೀಸರ್ ಕಾಲದ ಔರಿಯಸ್ ಸುಮಾರು 8 ಗ್ರಾಂ. ಅಂದರೆ ನಮ್ಮಲ್ಲಿ ಚಿನ್ನದಂಗಡಿಯಲ್ಲಿ ಹೇಳುವ ಒಂದು ಪವನ್. ಒಂದು ರೋಮನ್ ಪೌಂಡ್ ಚಿನ್ನದಲ್ಲಿ 40 ನಾಣ್ಯ ಹೊಡೆಯುತ್ತಿದ್ದರು. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೊ ಅದನ್ನು 45 ಮಾಡಿದ. ತೂಕ 7.3 ಗ್ರಾಂ ಹತ್ತಿರಕ್ಕೆ ಇಳಿಯಿತು. 215ರಲ್ಲಿ ಕ್ಯಾರಕಲ್ಲ 50 ಮಾಡಿದ, ಡಯೊಕ್ಲೀಷಿಯನ್ 60 ಮಾಡಿದ. ತೂಕ ಇಳಿಯಿತು, ಆದರೆ ಶುರುವಿನ ಶತಮಾನಗಳಲ್ಲಿ ಚಿನ್ನದ ಶುದ್ಧತೆ ಹೆಚ್ಚುಕಡಿಮೆ ನೂರಕ್ಕೆ 99. ಒಂದು ಔರಿಯಸ್‌ಗೆ 25 ಬೆಳ್ಳಿ ಡಿನೇರಿಯಸ್ ಚಿಲ್ಲರೆ ಸಿಗುತ್ತಿತ್ತು.

ಆದರೆ ಔರಿಯಸ್ ಕೊಳ್ಳುವವರು ತೂಕಕ್ಕೆ ಕೊಳ್ಳುವುದಿಲ್ಲ. ಮುಖಕ್ಕೆ ಕೊಳ್ಳುತ್ತಾರೆ. ನನಗೆ ಇಷ್ಟವಾದ ಉದಾಹರಣೆ ನೀರೊ ಮತ್ತು ಅವನ ತಾಯಿ ಅಗ್ರಿಪ್ಪಿನ. 54ರಲ್ಲಿ ಹುಡುಗ ಪಟ್ಟಕ್ಕೆ ಬಂದಾಗ ಅವನಿಗೆ 16 ವರ್ಷ. ಆ ವರ್ಷದ ಔರಿಯಸ್‌ನಲ್ಲಿ ತಾಯಿ, ಮಗ ಎದುರುಬದುರು ಇದ್ದಾರೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಮುಂಬದಿಯಲ್ಲಿ ಸುತ್ತ ಬರೆದಿರುವುದು ತಾಯಿಯ ಹೆಸರು. ಮಗನ ಹೆಸರು ಹಿಂಬದಿಗೆ ಹೋಗಿದೆ. 55ರ ನಾಣ್ಯ ನೋಡಿ. ಈಗ ಇಬ್ಬರೂ ಒಂದೇ ಕಡೆ ತಿರುಗಿದ್ದಾರೆ. ಮಗ ಮುಂದೆ, ತಾಯಿಯ ಮುಖದ ಅಂಚು ಮಾತ್ರ ಅವನ ಹಿಂದೆ ಇಣುಕುತ್ತದೆ. ಹೆಸರುಗಳು ಅದಲುಬದಲಾಗಿವೆ. ತಾಯಿಯ ಹೆಸರು ಹಿಂಬದಿಯಲ್ಲಿ, ನಾಲ್ಕು ಆನೆ ಎಳೆಯುವ ರಥದ ಸುತ್ತ. ಆಮೇಲಿನ ನಾಣ್ಯದಲ್ಲಿ ಅವಳು ಇಲ್ಲವೇ ಇಲ್ಲ. 59ರಲ್ಲಿ ಮಗನೇ ಅವಳನ್ನು ಕೊಲ್ಲಿಸಿದ. ಇಡೀ ಸಂಸಾರದ ಜಗಳ ಎರಡು ನಾಣ್ಯದಲ್ಲಿದೆ. ಇನ್ನೂ ಹತ್ತು ವರ್ಷ ಮುಂದೆ ಹೋದರೆ ನೀರೊನ ಕುತ್ತಿಗೆ ಗಲ್ಲಕ್ಕಿಂತ ದಪ್ಪ. ಕೆತ್ತಿದವನು ಅದನ್ನು ಮುಚ್ಚಿಟ್ಟಿಲ್ಲ, ನೀರೊ ಕೂಡ ಬೇಡ ಅಂದಿಲ್ಲ.

ಆ ತಾಯಿ-ಮಗನ ಔರಿಯಸ್ ನಮ್ಮಂಥವರ ಕೈಗೆ ಎಟುಕುವುದಿಲ್ಲ ಬಿಡಿ. ಕೈಗೆಟುಕುವುದು ಯಾವುದು? ಟೈಬೀರಿಯಸ್ (14ರಿಂದ 37). ಅವನ ಕಾಲ ಪೂರ್ತಿ ಹೆಚ್ಚುಕಡಿಮೆ ಒಂದೇ ಚಿತ್ರ: ಕುರ್ಚಿಯಲ್ಲಿ ಕೂತ ಹೆಂಗಸು, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಕೊಂಬೆ. ಅವಳು ಅವನ ತಾಯಿ ಲಿವಿಯಾ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಚಿತ್ರದಲ್ಲಿ ಹೊಸತನ ಇಲ್ಲ, ಆದರೆ ನಾಣ್ಯ ಸಾಕಷ್ಟು ಸಿಗುತ್ತವೆ. ಅದಕ್ಕೇ ಬೆಲೆ ಔರಿಯಸ್ ಲೆಕ್ಕದಲ್ಲಿ ಸುಮಾರಾಗಿರುತ್ತದೆ. ಇನ್ನೊಂದು, ಅಗಸ್ಟಸ್‌ನ ಇಬ್ಬರು ಮೊಮ್ಮಕ್ಕಳು ಗಾಯಸ್ ಮತ್ತು ಲೂಸಿಯಸ್ ಗುರಾಣಿ, ಈಟಿ ಹಿಡಿದು ನಿಂತಿರುವುದು. ಮುಂದಿನ ಚಕ್ರವರ್ತಿಗಳು ಇವರೇ ಅಂತ ಪ್ರಚಾರಕ್ಕೆ ಹೊಡೆಸಿದ್ದು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಪಟ್ಟ ಟೈಬೀರಿಯಸ್‌ಗೆ ಹೋಯಿತು.

ಮೂರನೆಯ ಆಯ್ಕೆ, ನನ್ನ ಮಟ್ಟಿಗೆ ಅತಿ ಒಳ್ಳೆಯದು: ಎರಡನೇ ಶತಮಾನದ ಆಂಟೊನೈನಸ್ ಪಯಸ್ ಮತ್ತು ಅವನ ಹೆಂಡತಿ ಫಾಸ್ಟಿನಾ. ಅವಳು ಸತ್ತ ಮೇಲೆ ದೇವತೆ ಅಂತ ಸಾರಿ, ಅವಳ ಹೆಸರಿನಲ್ಲಿ ವರ್ಷಗಟ್ಟಲೆ ನಾಣ್ಯ ಹೊಡೆಸಿದ. ಜಡೆಗಳನ್ನು ಮೇಲಕ್ಕೆತ್ತಿ ನೆತ್ತಿಯ ಮೇಲೆ ತುರುಬು ಸುತ್ತಿ, ನಡುವೆ ಮುತ್ತಿನ ಎಳೆ. ಅಚ್ಚು ಚೆನ್ನಾಗಿ ಬಿದ್ದಿರುವ ನಾಣ್ಯವಾದರೆ ಒಂದೊಂದು ಎಳೆ ಎಣಿಸಬಹುದು. ಹೆಸರಾಂತ ಕ್ರೂರಿ ಯಾರೂ ಇಲ್ಲದ ಕಾಲವಾದ್ದರಿಂದ ಬೇಡಿಕೆ ಕಡಿಮೆ, ಕೆತ್ತನೆ ಮಾತ್ರ ಅದ್ಭುತ. ಕ್ಯಾಲಿಗುಲ, ಕ್ಲಾಡಿಯಸ್ ಅಂತ ಹೆಸರಿಗೆ ದುಡ್ಡು ಸುರಿಯುವುದಕ್ಕಿಂತ ಇದು ವಾಸಿ.

ಔರಿಯಸ್‌ನ ದೋಷ ಏನಪ್ಪಾ ಅಂದರೆ, ಕಡಿಮೆ ದುಡ್ಡಿಗೆ ಸಿಗುವುದು ಸವೆದದ್ದೇ. ಮುಖಕ್ಕಾಗಿ ಕೊಂಡು, ಮುಖವೇ ಅಳಿಸಿಹೋಗಿದ್ದರೆ ಏನು ಬಂತು? ಔರಿಯಸ್ ಕೊಳ್ಳುವುದಾದರೆ ಕಣ್ಣು, ಮೂಗು, ಕಿವಿ ಮೂರೂ ಸ್ಪಷ್ಟ ಇರಬೇಕು. ಇಲ್ಲದಿದ್ದರೆ ಇನ್ನೂ ಎರಡು ವರ್ಷ ದುಡ್ಡು ಕೂಡಿಸಿ.

ಸಾಲಿಡಸ್: ಏಳು ಶತಮಾನ ಅಲುಗದ ಚಿನ್ನ

ಸುಮಾರು 309-310ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಔರಿಯಸ್ ಬಿಟ್ಟು ಹೊಸ ನಾಣ್ಯ ತಂದ. ಪೌಂಡಿಗೆ 72, ತಲಾ ಸುಮಾರು 4.5 ಗ್ರಾಂ. ನಮ್ಮ ವಿಜಯನಗರದ ವರಹಕ್ಕಿಂತ ಸುಮಾರು ಒಂದು ಗ್ರಾಂ ಜಾಸ್ತಿ. ಅಗಲ ಈಗಿನ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಇದೇ ತೂಕ, ಇದೇ ಶುದ್ಧತೆ ಹೆಚ್ಚುಕಡಿಮೆ 11ನೇ ಶತಮಾನದವರೆಗೆ ನಡೆಯಿತು. ಪಶ್ಚಿಮದ ರೋಮ್ ಬಿದ್ದುಹೋದರೂ ಪೂರ್ವದ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾಂಬುಲ್) ಹೊಡೆಯುತ್ತಲೇ ಇದ್ದರು. ಹಿಂಬದಿಯ ಕೆಳಗೆ 'ಕಾನೊಬ್' ಅಂತ ಐದು ಅಕ್ಷರ ಕಾಣುತ್ತದೆ. ಕಾನ್‌ಸ್ಟಾಂಟಿನೋಪಲ್, ಪುಟ ಹಾಕಿದ ಚಿನ್ನ ಅಂತ ಅರ್ಥ. ಇವತ್ತಿನ ಹಾಲ್‌ಮಾರ್ಕ್ ಇದ್ದ ಹಾಗೆ ಅಂದುಕೊಳ್ಳಿ.

ಯಾಕೆ ಇವು ಇಷ್ಟು ಸಿಗುತ್ತವೆ? ಒಂದು ಕಾರಣ ಕಪ್ಪಕಾಣಿಕೆ. ಪೂರ್ವದ ಚಕ್ರವರ್ತಿ ಎರಡನೇ ಥಿಯೋಡೋಸಿಯಸ್ ಹೂಣರ ರಾಜ ಅಟಿಲನಿಗೆ ಕಡೆಕಡೆಗೆ ವರ್ಷಕ್ಕೆ 2,100 ಪೌಂಡ್ ಚಿನ್ನ ಕೊಡಲು ಒಪ್ಪಿದ್ದ. ಪೌಂಡಿಗೆ 72ರಂತೆ ಗುಣಿಸಿ: 1,51,200 ಸಾಲಿಡಸ್‌ನಷ್ಟು ಚಿನ್ನ. ಅದರಲ್ಲಿ ಎಷ್ಟೋ ಚಿನ್ನ ಕೈಯಿಂದ ಕೈಗೆ ಓಡಾಡದೆ ಹೂತಿಟ್ಟಲ್ಲೇ ಉಳಿಯಿತು. ಹೂತಿಟ್ಟದ್ದು ಸವೆಯುವುದಿಲ್ಲ. ಹಾಗಾಗಿ ಥಿಯೋಡೋಸಿಯಸ್‌ನ ಸಾಲಿಡಸ್ ಹೊಸದಾಗಿ ಹೊಡೆದಂತೆ ಮಿನುಗುತ್ತಾ ಸಿಗುತ್ತದೆ, ಅದೂ ಸ್ಕೂಟರ್ ದುಡ್ಡಿಗೆ. ಅದರಲ್ಲಿ ಅವನು ಹೆಲ್ಮೆಟ್ ಹಾಕಿ, ಹೆಗಲ ಮೇಲೆ ಈಟಿ ಇಟ್ಟು, ನಮ್ಮ ಕಡೆ ಮುಕ್ಕಾಲು ತಿರುಗಿದ್ದಾನೆ. ಗುರಾಣಿಯ ಮೇಲೆ ಪುಟ್ಟ ಕುದುರೆ ಸವಾರ. ಭೂತಗನ್ನಡಿ ಇಟ್ಟು ನೋಡಿದರೆ ಕುದುರೆಯ ಕಾಲು ಎಣಿಸಬಹುದು. ಆದರೆ ಮುಖ? ಅವನದೂ, ಅವನ ಮುಂದಿನ ಮಾರ್ಸಿಯನ್‌ನದೂ, ಲಿಯೊನದೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಥರ ಇರುತ್ತವೆ. ಹೆಸರು ಓದದೆ ಹೇಳಲಾಗದು.

ಸಾಲಿಡಸ್‌ನಲ್ಲೂ ವ್ಯಕ್ತಿ ಬೇಕು ಅನ್ನುವವರಿಗೆ ಒಂದು ದಾರಿ ಇದೆ: ಹೆರಾಕ್ಲಿಯಸ್ (610ರಿಂದ 641). ಶುರುವಿನಲ್ಲಿ ಒಬ್ಬನೇ, ಚಿಕ್ಕ ಗಡ್ಡ. 613ರಿಂದ ಪಕ್ಕದಲ್ಲಿ ಮಗು ಮಗ ಬಂದು ಕೂರುತ್ತಾನೆ. ವರ್ಷ ಕಳೆದಂತೆ ಮಗ ದೊಡ್ಡವನಾಗುತ್ತಾನೆ, ಅಪ್ಪನ ಗಡ್ಡ ಎದೆಗೆ ಇಳಿಯುತ್ತದೆ. 632ರ ಹೊತ್ತಿಗೆ ಅಪ್ಪ, ಇಬ್ಬರು ಮಕ್ಕಳು ಮೂವರೂ ಸಾಲಾಗಿ ನಿಂತಿದ್ದಾರೆ, ನಡುವೆ ಆ ಗಡ್ಡ. ಹಿಂಬದಿಯಲ್ಲಿ ಮೆಟ್ಟಿಲ ಮೇಲಿನ ಶಿಲುಬೆ. ಕೆತ್ತನೆ ಮಕ್ಕಳು ಬಿಡಿಸಿದ ಹಾಗಿರುತ್ತದೆ. ನನಗೆ ಅದೇ ಇಷ್ಟ. ಈ ಬಗೆಯದು ಬೇಕಾದಷ್ಟು ಸಿಗುತ್ತದೆ, ಬೆಲೆಯೂ ಚಿನ್ನದ ಬೆಲೆಗೆ ಹತ್ತಿರ.

ಇನ್ನು ಎರಡನೇ ಜಸ್ಟಿನಿಯನ್. ಸುಮಾರು 692ರಲ್ಲಿ ನಾಣ್ಯದ ಮುಂಬದಿಗೆ ಕ್ರಿಸ್ತನ ಮುಖ ತಂದು ತಾನು ಹಿಂಬದಿಗೆ ಸರಿದು ನಿಂತವನು. 695ರಲ್ಲಿ ವಿರೋಧಿಗಳು ಮೂಗು ಕೊಯ್ದು ಗಡಿಪಾರು ಮಾಡಿದರು. ಹತ್ತು ವರ್ಷದ ಮೇಲೆ ವಾಪಸ್ ಬಂದು ಮತ್ತೆ ಪಟ್ಟ ಏರಿದ. ಆಗಿನ ನಾಣ್ಯದಲ್ಲಿ ಮೂಗು ಪೂರ್ತಿ ಇದೆ! ಪದವಿಗೆ ಮೂಗಿರಬೇಕಲ್ವಾ. ಇದು ದುಬಾರಿ. ಮೊದಲ ನಾಣ್ಯವಾಗಿ ಬೇಡ.

ಸಣ್ಣದು, ಬಟ್ಟಲಿನಂಥದು

ಟ್ರೆಮಿಸಿಸ್ ಸಾಲಿಡಸ್‌ನ ಮೂರನೇ ಒಂದು ಭಾಗ, ಒಂದೂವರೆ ಗ್ರಾಂ. ಅಗಲ ಸುಮಾರು 15 ಮಿಲಿಮೀಟರ್. ಮುಂಬದಿಯಲ್ಲಿ ಪಕ್ಕಕ್ಕೆ ತಿರುಗಿದ ರಾಜ, ಹಿಂಬದಿಯಲ್ಲಿ ಹಾರ ಹಿಡಿದು ನಡೆಯುವ ವಿಜಯದೇವತೆ. ರೋಮನ್ ಚಿನ್ನ ಮುಟ್ಟಿದೆ ಅನ್ನುವ ಖುಷಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಚಿತ್ರ ನೋಡಿ ಸುಖಪಡುತ್ತೇನೆ ಅಂದರೆ ನಿರಾಸೆ ಆಗುತ್ತದೆ. ವಯಸ್ಸಾದ ಕಣ್ಣಿಗಂತೂ ಕಷ್ಟ.

1092ರಲ್ಲಿ ಪೂರ್ವದ ಚಕ್ರವರ್ತಿ ಅಲೆಕ್ಸಿಯಸ್ ತಂದ ಹೈಪರ್‌ಪೈರಾನ್ ಅನ್ನುವ ನಾಣ್ಯ ಬಟ್ಟಲಿನ ಹಾಗೆ ಬಾಗಿರುತ್ತದೆ. ಚಿನ್ನ ಇಪ್ಪತ್ತೂವರೆ ಕ್ಯಾರಟ್. ಅಚ್ಚು ಅರ್ಧ ಬಿದ್ದಿರುತ್ತದೆ. ಬೆರಗಿಗೆ ಒಂದು ಇಟ್ಟುಕೊಳ್ಳಬಹುದು, ಮೊದಲನೆಯದಾಗಿ ಅಲ್ಲ.

ಕತ್ತಿ ಏಟು ಬಿದ್ದದ್ದು, ತೂತು ಕೊರೆದದ್ದು

ಇಲ್ಲಿ ನಮ್ಮ ಕಡೆಯ ಮಾತು ಬರುತ್ತದೆ. ಮೆಣಸು, ಮುತ್ತು, ಬಟ್ಟೆಗಾಗಿ ರೋಮಿನ ಚಿನ್ನ ದಕ್ಷಿಣ ಭಾರತಕ್ಕೆ ಹರಿದು ಬಂತು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮಿನ ಚಿಲ್ಲರೆ ನಾಣ್ಯ) ಹೋಗುತ್ತಿದೆ ಅಂತ ರೋಮಿನ ಲೇಖಕ ಪ್ಲಿನಿ ಗೊಣಗಿದ್ದ. ಒಂದು ಔರಿಯಸ್‌ಗೆ 100 ಸೆಸ್ಟರ್ಸ್, ಅಂದರೆ 5 ಲಕ್ಷ ಔರಿಯಸ್‌ನಷ್ಟು. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೈ ಸೀಮೆಯಲ್ಲಿ 501 ಔರಿಯಸ್ ಇದ್ದ ಗಡಿಗೆ ಸಿಕ್ಕಿತು. ಬಹುಪಾಲು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಉಳಿಯಿಂದ ಕೊಯ್ದ ಗೀರು ಇತ್ತು. ಈ ನಾಣ್ಯ ಇನ್ನು ಚಲಾವಣೆಗಲ್ಲ, ಬರೀ ಚಿನ್ನ ಅಂತ ಯಾರೋ ಗುರುತು ಹಾಕಿದ್ದು ಅಂತ ಹಲವರು ಹೇಳುತ್ತಾರೆ. ಮುಖವೋ ಚಿನ್ನವೋ ಅನ್ನುವ ಪ್ರಶ್ನೆಗೆ ಎರಡು ಸಾವಿರ ವರ್ಷದ ಹಿಂದೆಯೇ ಒಬ್ಬ ಉಳಿ ಹಿಡಿದು ಉತ್ತರ ಕೊಟ್ಟಿದ್ದ.

ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದಲ್ಲಿ ತಡವಾದ ಕಾಲದ ಸಾಲಿಡಸ್‌ಗಳಿದ್ದವು. ಇಲ್ಲಿಯವರೇ ರೋಮನ್ ನಾಣ್ಯ ನೋಡಿ ಹೊಡೆದ ನಕಲುಗಳೂ ದಕ್ಷಿಣದಲ್ಲಿ ಸಿಗುತ್ತವೆ. ಅವುಗಳಲ್ಲಿ ಲ್ಯಾಟಿನ್ ಅಕ್ಷರ ಬರೀ ಗೆರೆ, ಚುಕ್ಕೆ ಆಗಿಬಿಟ್ಟಿರುತ್ತದೆ. ಎಷ್ಟೋ ನಾಣ್ಯಕ್ಕೆ ಮುಖದ ಮೇಲ್ಗಡೆ ತೂತು. ಕಾಸಿನ ಸರಕ್ಕೆ ಪೋಣಿಸಿದ್ದು. ಮುಖ ನೆಟ್ಟಗೆ ಕಾಣುವ ಹಾಗೆ ಲೆಕ್ಕ ಹಾಕಿ ತೂತು ಕೊರೆದಿರುತ್ತಾರೆ. ಇಂಥ ಗೀರು, ತೂತು ಇರುವ ನಾಣ್ಯಕ್ಕೆ ಯುರೋಪಿನ ಹರಾಜಿನಲ್ಲಿ ಬೆಲೆ ಅರ್ಧಕ್ಕೂ ಕೆಳಗಿಳಿಯುವುದುಂಟು. ಭಾರತದ ಕತೆ ಮುಖ್ಯ ಅನ್ನುವವರಿಗೆ ಇದು ಅವಕಾಶ. ನಾಳೆ ಮಾರುವಾಗ ಅದೇ ಅರ್ಧ ಬೆಲೆ ಅನ್ನುವುದೂ ನೆನಪಿರಲಿ. ಮತ್ತೆ, ಭಾರತದಲ್ಲಿ ಸಿಕ್ಕದ್ದು ಅಂದ ಕೂಡಲೇ ಹೊರಗೆ ಹೇಗೆ ಬಂತು ಅಂತ ಕೇಳಿ. ಉತ್ತರ ತೊದಲಿದರೆ ಬಿಟ್ಟುಬಿಡಿ.

ಬೆಳ್ಳಿಯನ್ನು ಮರೆಯಬೇಡಿ

ಚಿನ್ನದ ಲೇಖನದಲ್ಲಿ ಬೆಳ್ಳಿ ಯಾಕೆ? ಯಾಕೆಂದರೆ ಎಷ್ಟೋ ಔರಿಯಸ್‌ಗಳ ಚಿತ್ರ ಹಾಗೇ ಡಿನೇರಿಯಸ್‌ನಲ್ಲೂ ಇದೆ. ಟೈಬೀರಿಯಸ್‌ನ ಆ ಕೂತ ಹೆಂಗಸು, ಗಾಯಸ್-ಲೂಸಿಯಸ್ ಜೋಡಿ, ಫಾಸ್ಟಿನಾಳ ತುರುಬು, ಎಲ್ಲ ಬೆಳ್ಳಿಯಲ್ಲೂ ಸಿಗುತ್ತವೆ. ಬೆಲೆ ಔರಿಯಸ್‌ನ ಇಪ್ಪತ್ತನೇ ಒಂದು ಭಾಗಕ್ಕೂ ಕಡಿಮೆ ಬೀಳಬಹುದು. ಮುಖ ಬೇಕು ಅಂತ ನಿಮ್ಮ ಉತ್ತರವಾದರೆ, ಪ್ರಾಮಾಣಿಕವಾಗಿ ನಿಮಗೆ ಬೇಕಾದದ್ದು ಚಿನ್ನ ಅಲ್ಲವೇ ಅಲ್ಲ. 1891ರಲ್ಲಿ ಯಶವಂತಪುರದ ಹತ್ತಿರ ಸಿಕ್ಕ 163 ರೋಮನ್ ನಾಣ್ಯಗಳೂ ಬೆಳ್ಳಿಯವೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕದ್ದೂ ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿಯೇ.

ನಾನು ಬೇಸ್ತು ಬಿದ್ದದ್ದು

ಈಗ ಆ ಕತೆ. ನನ್ನ ಮೊದಲ ಸಾಲಿಡಸ್ ಒಂದನೇ ಜಸ್ಟಿನಿಯನ್‌ನದು. ಎದುರಿಗೆ ನೋಡುವ ಮುಖ, ಹಿಂಬದಿಯಲ್ಲಿ ಉದ್ದ ಶಿಲುಬೆ ಹಿಡಿದ ದೇವದೂತ. ಫೋಟೋದಲ್ಲಿ ಫಳಫಳ. ಬೆಲೆ ಬೇರೆಯವಕ್ಕಿಂತ ಕಾಲುಭಾಗ ಕಡಿಮೆ. ಅದೃಷ್ಟ ಅಂದುಕೊಂಡೆ. ಮನೆಗೆ ಬಂದ ಮೇಲೆ ಕಿಟಕಿ ಬೆಳಕಿಗೆ ಅಡ್ಡ ಹಿಡಿದು ಅಂಚು ತಿರುಗಿಸಿದೆ. ಗಡಿಯಾರದ 12 ಗಂಟೆಯ ಜಾಗದಲ್ಲಿ ಅಂಚು ಸ್ವಲ್ಪ ಚಪ್ಪಟೆ, ಬಣ್ಣ ಒಂದು ಛಾಯೆ ಕೆಂಪು. ಯಾವತ್ತೋ ಅಲ್ಲಿ ಕೊಂಡಿ ಬೆಸುಗೆ ಹಾಕಿ ಲಾಕೆಟ್ ಮಾಡಿದ್ದರು. ಆಮೇಲೆ ಕಿತ್ತು ಉಜ್ಜಿದ್ದಾರೆ. ಆ ಫಳಫಳ ಉಜ್ಜಿದ್ದರಿಂದ ಬಂದದ್ದು. ಮಾರಿದವರ ವಿವರಣೆಯಲ್ಲಿ ಆ ಮಾತೇ ಇರಲಿಲ್ಲ. ಕೇಳಿದ್ದಕ್ಕೆ "ಫೋಟೋ ನೋಡಿದ್ರಲ್ಲ" ಅಂದರು. ನಾನು ನೋಡಿದ್ದು ಮುಖ, ಅಂಚಲ್ಲ.

ಅದಕ್ಕೇ ಹೇಳುವುದು: ಎರಡು ಬದಿಯ ಫೋಟೋ ಸಾಲದು, ಅಂಚಿನ ಫೋಟೋ ಕೇಳಿ. ತೂಕ ನೂರನೇ ಒಂದು ಗ್ರಾಂವರೆಗೆ ಕೇಳಿ. 4.4 ಇರಬೇಕಾದ ಕಡೆ 4.1 ಇದ್ದರೆ ಅಂಚು ಕತ್ತರಿಸಿದ್ದಾರೆ ಅಥವಾ ಉಜ್ಜಿದ್ದಾರೆ. ಪುಟ್ಟ ತಕ್ಕಡಿ ಇದ್ದರೆ ಮನೆಯಲ್ಲೇ ನೀರಿನ ಪರೀಕ್ಷೆ ಮಾಡಬಹುದು. 4.40 ಗ್ರಾಂ ಸಾಲಿಡಸ್ ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟರೆ ಸುಮಾರು 0.24 ಗ್ರಾಂ ಹಗುರಾಗಬೇಕು. 0.3 ದಾಟಿದರೆ ಒಳಗೆ ಬೇರೇನೋ ಇದೆ. ನಮ್ಮೂರ ಅಕ್ಕಸಾಲಿಗರ ಒರೆಗಲ್ಲಿಗೆ ಮಾತ್ರ ಕೊಡಬೇಡಿ. ಒಂದು ಗೆರೆ ಎಳೆದರೂ ಬೆಲೆ ಬಿತ್ತು.

ಆದರೆ ಈ ಪರೀಕ್ಷೆ ಹೇಳುವುದು ಚಿನ್ನ ಹೌದೋ ಅಲ್ಲವೋ ಅಂತ ಅಷ್ಟೇ. ಅಸಲಿ ಚಿನ್ನದಲ್ಲೇ ಖೋಟಾ ಹೊಡೆಯುವವರಿದ್ದಾರೆ. ಇನ್ನೂರು ವರ್ಷದ ಹಿಂದೆ ಜರ್ಮನಿಯ ಬೆಕರ್ ಅನ್ನುವವನು ಅಚ್ಚು ತಾನೇ ಕೆತ್ತಿ ರೋಮನ್ ನಾಣ್ಯ ಹೊಡೆಯುತ್ತಿದ್ದ. ಹೊಸದು ಹಳತಾಗಬೇಕಲ್ಲ? ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ, ಕುದುರೆ ಗಾಡಿಗೆ ಕಟ್ಟಿ ಊರು ಸುತ್ತಿಸುತ್ತಿದ್ದನಂತೆ. ಹಾಗಾಗಿ ಅನುಮಾನ ಬಂದರೆ ಅದೇ ಅಚ್ಚಿನ ಬೇರೆ ನಾಣ್ಯಗಳ ಜೊತೆ ಹೋಲಿಸಿ ನೋಡುವುದು ತಿಳಿದವರ ಕೆಲಸ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ, ಅಚ್ಚಿಗೆ ಐದಕ್ಕೆ ಎಷ್ಟು, ಮೈಗೆ ಐದಕ್ಕೆ ಎಷ್ಟು ಅಂತ ಅಂಕ ಕೊಟ್ಟವೂ ಸಿಗುತ್ತವೆ. ದುಡ್ಡು ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ನಾಣ್ಯ ಮುಟ್ಟುವ ಹಾಗಿಲ್ಲ. ಮುಟ್ಟಲೆಂದೇ ಕೊಳ್ಳುವವರಿಗೆ ಅದು ಗಾಜಿನಾಚೆಯ ಜಿಲೇಬಿ.

ಕಾಗದ ಮತ್ತು ಕಾನೂನು

2020ರಲ್ಲಿ ಲಂಡನ್ನಿನಲ್ಲಿ ಒಂದು ಔರಿಯಸ್ ಹರಾಜಾಯಿತು. ಸೀಸರ್‌ನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರಲ್ಲಿ ಹೊಡೆಸಿದ್ದು. ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರು ಹಾಕುವ ಟೋಪಿ, ಕೆಳಗೆ ಕೊಲೆಯಾದ ದಿನ, ಮಾರ್ಚ್ 15. ಚಿನ್ನದಲ್ಲಿ ಇಂಥವು ಮೂರೇ ಗೊತ್ತಿದ್ದವು. ಮೂವತ್ತು ಲಕ್ಷ ಪೌಂಡಿಗೂ ಮೀರಿ ಹೋಯಿತು. ಅದರ ಹಳೆಯ ಒಡೆತನದ ಕಾಗದ ಸುಳ್ಳು ಅಂತ ಆಮೇಲೆ ಬಯಲಾಗಿ, 2023ರಲ್ಲಿ ನಾಣ್ಯ ಗ್ರೀಸ್ ದೇಶಕ್ಕೆ ವಾಪಸ್ ಹೋಯಿತು. ನಿಮ್ಮ ಸ್ಕೂಟರ್ ಬೆಲೆಯ ಸಾಲಿಡಸ್‌ಗೂ ಇದೇ ನಿಯಮ. ಹಳೆಯ ಹರಾಜಿನ ಪಟ್ಟಿಯಲ್ಲಿ ಫೋಟೋ ಸಮೇತ ಇರುವ ನಾಣ್ಯಕ್ಕೆ ನೂರಕ್ಕೆ ಹತ್ತು, ಹದಿನೈದು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಭಾರತದಲ್ಲಿ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಇಟ್ಟುಕೊಳ್ಳಬಹುದು. ವ್ಯಾಪಾರ ಮಾಡಲು ಪರವಾನಗಿ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಹೊರದೇಶದಲ್ಲಿ ಇರುವವರು ಗಮನಿಸಿ: ಊರಿಗೆ ಬರುವಾಗ ಅಜ್ಜಿಗೆ ತೋರಿಸೋಣ ಅಂತ ಜೇಬಲ್ಲಿ ಹಾಕಿಕೊಂಡು ಬಂದರೆ, ವಾಪಸ್ ಒಯ್ಯುವುದು ದೊಡ್ಡ ತಲೆನೋವು. ಫೋಟೋ ತನ್ನಿ ಸಾಕು. ಇನ್ನು ಹೊಲ ಉಳುವಾಗ, ಮನೆ ಪಾಯ ತೋಡುವಾಗ ಸಿಕ್ಕದ್ದು ಅಂತ ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಹತ್ತಿರ ಸೇರಿಸಬೇಡಿ. ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕಾದದ್ದು. ಅಂಥ "ನಿಧಿ"ಯಲ್ಲಿ ಮುಕ್ಕಾಲು ಪಾಲು ಹಿತ್ತಾಳೆ ಅನ್ನುವುದು ಬೇರೆ ಮಾತು.

ಆ ಮೂವರಿಗೆ ಹೇಳಿದ್ದು

ಅಮೆರಿಕದ ಗೆಳತಿಗೆ ಹೆರಾಕ್ಲಿಯಸ್‌ನ ಸಾಲಿಡಸ್ ಹೇಳಿದೆ. ಅವಳಿಗೆ ಬೇಕಾಗಿದ್ದು ಚಿನ್ನ, ಬೇಕಾದಾಗ ಮಾರಲು ಆಗುವಂಥದ್ದು, ಮಕ್ಕಳಿಗೆ ತೋರಿಸಲು ಒಂದು ಕತೆ. ಅಪ್ಪ, ಮಗ, ಗಡ್ಡ ಮೂರೂ ಅದರಲ್ಲಿವೆ. ಎರಡು ಕಡೆ ವಿಚಾರಿಸಿ, ಅಂಚಿನ ಫೋಟೋ ತರಿಸಿ, ಮೂರನೆಯದನ್ನು ಕೊಂಡಳು.

ಸಾಫ್ಟ್‌ವೇರ್ ಹುಡುಗನಿಗೆ ನೀರೊನೇ ಬೇಕು, ಔರಿಯಸ್ಸೇ ಆಗಬೇಕು, ಈ ದೀಪಾವಳಿಗೇ ಆಗಬೇಕು. ಅವನ ಬಜೆಟ್‌ಗೆ ಸಿಗುವ ನೀರೊಗೆ ಮೂಗೇ ಇರುವುದಿಲ್ಲ ಅಂದೆ. ಫಾಸ್ಟಿನಾ ನೋಡು ಅಂದೆ. "ಯಾರು ಸರ್ ಅವಳು?" ಅಂದ. ಇನ್ನೂ ಯೋಚನೆ ಮಾಡುತ್ತಿದ್ದಾನೆ. ಅವಸರ ಇಲ್ಲ, ಎರಡು ಸಾವಿರ ವರ್ಷ ಕಾದ ನಾಣ್ಯ ಇನ್ನೊಂದು ದೀಪಾವಳಿ ಕಾಯುತ್ತದೆ.

ಮೇಷ್ಟ್ರಿಗೆ ಮಾತ್ರ ಚಿನ್ನ ಬೇಡ ಅಂದೆ. ಟೈಬೀರಿಯಸ್‌ನ ಬೆಳ್ಳಿ ಡಿನೇರಿಯಸ್ ಒಂದು ತಗೊಳ್ಳಿ, ಯಶವಂತಪುರದಲ್ಲಿ ಸಿಕ್ಕ ಜಾತಿಯದೇ. ಉಳಿದ ದುಡ್ಡಲ್ಲಿ ಚೆನ್ನೈಗೆ ಹೋಗಿ ಬನ್ನಿ, ಎಗ್ಮೋರಿನ ಸರ್ಕಾರಿ ಮ್ಯೂಸಿಯಂನಲ್ಲಿ ದಕ್ಷಿಣದಲ್ಲಿ ಸಿಕ್ಕ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹವೇ ಇದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ಅಚ್ಚಿನ ಹೆಂಗಸು ತಾನೇ, ಕೊಂಬೆ ಹಿಡಿದವಳು?" ಅಂತ ಕೇಳಿದರು. ಹೌದು ಅಂದೆ. ಹಾಗಾದರೆ ಮೂಗು ನೆಟ್ಟಗಿರುವ ಟೈಬೀರಿಯಸ್ ಹುಡುಕಿ ಕೊಡಿ ಅಂದರು. ಈಗ ಹುಡುಕುತ್ತಿದ್ದೇನೆ.